ಮಣ್ಣು ಮೊದಲು, ಅಕ್ಷರ ಆಮೇಲೆ

ಜೂನ್ ತಿಂಗಳು ಬಂತೆಂದರೆ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ. “ಸರ್, ಹುಡುಗ್ಗ ಮೂರು ತುಂಬಿದವು. ಊರಾಗಿನ ಅಂಗನವಾಡಿಗೇ ಬಿಡ್ಲೋ, ಹಗರಿಬೊಮ್ಮನಹಳ್ಳಿ ಕಾನ್ವೆಂಟಿಗೆ ಹಾಕ್ಲೋ?” ನಾನು ಉತ್ತರ ಹೇಳುವ ಮೊದಲೇ ಅವರೇ ಒಂದು ಮಾತು ಸೇರಿಸುತ್ತಾರೆ. “ಅಂಗನವಾಡ್ಯಾಗ ಏನೂ ಕಲಸಂಗಿಲ್ರಿ. ಬರೇ ಆಟ ಆಡಸ್ತಾರ, ಕತಿ ಹೇಳ್ತಾರ, ಮಣ್ಣಾಗ ಕುಂದರಸ್ತಾರ.”

ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಲೇ ವೃತ್ತಿ ಕಳೆದವನು ನಾನು. ಆದ್ದರಿಂದ ಈ ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಆಟ, ಕಥೆ, ಮಣ್ಣು ಈ ಮೂರನ್ನೂ ಕಲಿಕೆಯ ಲೆಕ್ಕಕ್ಕೇ ಹಿಡಿಯದೆ ಹೋದರೆ ಮೂರು ವರ್ಷದ ಮಗುವಿಗೆ ಇನ್ನೇನು ಕಲಿಸುವುದು? ಅಂಗನವಾಡಿ ಒಳ್ಳೆಯದೋ ಕಾನ್ವೆಂಟ್ ಒಳ್ಳೆಯದೋ ಎಂಬ ತೀರ್ಪು ಆಮೇಲೆ ಇರಲಿ. ಒಂದು ಒಳ್ಳೆಯ ಅಂಗನವಾಡಿಯಲ್ಲಿ ಬೆಳಗಿನಿಂದ ಊಟದ ಹೊತ್ತಿನವರೆಗೆ ನಿಜವಾಗಿ ಏನು ನಡೆಯುತ್ತದೆ, ಅದರಿಂದ ಮಗುವಿನ ಕೈಗೆ, ಕಿವಿಗೆ, ಮನಸ್ಸಿಗೆ ಏನು ದಕ್ಕುತ್ತದೆ ಎಂಬುದನ್ನು ಮೊದಲು ನೋಡೋಣ.

ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕಡೆಯ ಒಂದು ಹಳ್ಳಿ. ಆ ಊರಿನ ಟೀಚರನ್ನು ನಾನು ಬಹಳ ವರ್ಷಗಳಿಂದ ಬಲ್ಲೆ. ಅವರ ಕೈಯಿಂದ ಬಂದ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದಾರೆ. ಈಚೆಗೆ ಅಲ್ಲಿಗೆ ಹೋದಾಗ ಮಣ್ಣೆತ್ತಿನ ಅಮಾವಾಸ್ಯೆ ಇನ್ನೇನು ಬರುವುದರಲ್ಲಿತ್ತು. ಒಂಬತ್ತೂವರೆಗೆ ಆಯಮ್ಮ ಅಂಗಳ ಗುಡಿಸಿ ನೀರು ಚಿಮುಕಿಸಿದ್ದರು. ಕೆಲವು ಮಕ್ಕಳು ಅಜ್ಜಿಯ ಸೊಂಟದ ಮೇಲೆ, ಕೆಲವರು ಅಕ್ಕಂದಿರ ಕೈ ಹಿಡಿದು, ಒಬ್ಬ ಅಳುತ್ತ, ಇನ್ನೊಬ್ಬಳು ಓಡುತ್ತ ಬಂದರು. ಪ್ರಾರ್ಥನೆ ಮುಗಿಯಿತು, ಉಗುರು ನೋಡಿದ್ದಾಯಿತು, ಹಾಲು ಕುಡಿದರು. ಆಮೇಲೆ ಎಲ್ಲರೂ ಗುಂಡಗೆ ಕೂತರು. ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: “ಬರೋ ದಾರ್ಯಾಗ ಏನೇನು ನೋಡಿದ್ರಿ?”

ಟ್ರ್ಯಾಕ್ಟರ್, ಹಂದಿ, ಚಿಕ್ಕಪ್ಪನ ಬೈಕು, ಸತ್ತ ಹಾವು. ಒಬ್ಬ ಹುಡುಗ ಎದ್ದು ನಿಂತು ಎರಡೂ ಕೈ ಅಗಲಿಸಿ, “ಇಷ್ಟು ದೊಡ್ಡ ಕೊಕ್ಕರಿ” ಎಂದ. ಆ ಊರಿನ ಮಕ್ಕಳಿಗೆ ಅದು ಹೊಸದಲ್ಲ. ಅಂಕಸಮುದ್ರದ ಕೆರೆಯೊಳಗಿನ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆ ಪಕ್ಷಿಧಾಮ 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುತಾಣಗಳ ಪಟ್ಟಿಗೆ ಸೇರಿತು. ಟೀಚರ್ ಆ ಹುಡುಗನ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಕೊಕ್ಕು ಯಾವ ಬಣ್ಣ, ಕಾಲು ಎಷ್ಟುದ್ದ, ಅದು ಏನು ತಿನ್ನುತ್ತದೆ, ಮೀನು ಎಲ್ಲಿಂದ ಬರುತ್ತದೆ ಎಂದು ಒಂದೊಂದಾಗಿ ಎಳೆದರು. ಮಾತು ಬಾರದೆ ಅಳುತ್ತ ಬಂದಿದ್ದ ಕೂಸು ಕೂಡ ಕಣ್ಣೊರೆಸಿಕೊಂಡು, “ಮೀನ” ಎಂದಿತು. ಹತ್ತು ನಿಮಿಷದಲ್ಲಿ ಬಣ್ಣ, ಅಳತೆ, ಆಹಾರ, ನೀರು ಎಲ್ಲವೂ ಬಂದು ಹೋದವು. ಅಂಗನವಾಡಿಗಳಿಗೆಂದೇ ಇಲಾಖೆ ರೂಪಿಸಿದ ‘ಚಿಲಿಪಿಲಿ’ ಎಂಬ ಚಟುವಟಿಕೆಯ ಪಠ್ಯಕ್ರಮವಿದೆ, ಅದರಲ್ಲಿ ವಿಷಯಗಳನ್ನು ಇದೇ ರೀತಿ ಮಗುವಿನ ಸುತ್ತಲಿನಿಂದ ಎತ್ತಿಕೊಳ್ಳಲಾಗಿದೆ. ಆದರೆ ಪುಸ್ತಕದಲ್ಲಿ ಇರುವುದು ದಾರಿ ಮಾತ್ರ. ಆ ಊರಿನ ಕೊಕ್ಕರೆಯನ್ನು ಅದರೊಳಕ್ಕೆ ತರಬೇಕಾದವರು ಟೀಚರ್.

ಆಮೇಲೆ ಆಯಮ್ಮ ಒಂದು ಪುಟ್ಟಿ ತುಂಬ ಹಸಿ ಮಣ್ಣು ತಂದು ಗೋಣಿಚೀಲದ ಮೇಲೆ ಸುರಿದರು. ಕೆರೆಯ ಅಂಗಳದ ಜಿಗಟು ಮಣ್ಣು. ನಮ್ಮ ಕಡೆ ಎರೆಯೂ ಇದೆ, ಮಸಾರಿಯೂ ಇದೆ. ಕೈಗೆ ನಿಲ್ಲುವುದು ಎರೆ, ಉದುರುವುದು ಮಸಾರಿ. ಇದನ್ನು ಮಕ್ಕಳು ಹೇಳಿಸಿಕೊಳ್ಳದೆ ತಿಳಿದುಕೊಂಡಿದ್ದರು. ಒಬ್ಬಳು ಅಂಗಳದ ಕೆಂಪು ಮಣ್ಣು ಕಲಸಲು ಹೋಗಿ, ಅದು ಒಡೆಯಿತೆಂದು ಬಿಟ್ಟು ಬಂದು ಕಪ್ಪು ಮಣ್ಣಿಗೆ ಕೈ ಹಾಕಿದಳು. ಅಮಾವಾಸ್ಯೆಗೆ ಮನೆಮನೆಯಲ್ಲೂ ಎತ್ತು ಮಾಡುವುದರಿಂದ ಅಲ್ಲಿದ್ದವರಿಗೆಲ್ಲ ಎತ್ತೇ ಬೇಕು. ಎತ್ತಿಗೆ ನಾಲ್ಕು ಕಾಲು. ಕಾಲು ಸಣ್ಣದಾದರೆ ಬೀಳುತ್ತದೆ, ದಪ್ಪಗಾದರೆ ಆನೆಯಂತೆ ಕಾಣುತ್ತದೆ. ಡುಬ್ಬ ಇಡಬೇಕು, ಕೋಡು ಇಡಬೇಕು. ಕೋಡು ನಿಲ್ಲುವುದಿಲ್ಲ. ಒಬ್ಬ ಹುಡುಗ ಎದ್ದು ಹೋಗಿ ಬೇವಿನ ಕಡ್ಡಿ ಮುರಿದು ತಂದು ಚುಚ್ಚಿದ. ಅದನ್ನು ನೋಡಿ ಉಳಿದವರೆಲ್ಲ ಕಡ್ಡಿಗೆ ಓಡಿದರು. ಟೀಚರ್ ಯಾರ ಎತ್ತನ್ನೂ ಮುಟ್ಟಲಿಲ್ಲ, ತಿದ್ದಲಿಲ್ಲ. ಬಿದ್ದ ಎತ್ತಿನ ಮುಂದೆ ಕುಕ್ಕರಗಾಲಲ್ಲಿ ಕೂತು, “ಯಾಕ ಬಿತ್ತಪ್ಪ ಇದು?” ಎಂದು ಕೇಳಿದರು, ಅಷ್ಟೆ.

ಈ ಅರ್ಧ ಗಂಟೆಯ ಬಗ್ಗೆ ತಂದೆತಾಯಿಯರಿಗೆ ನಾನು ಬಿಡಿಸಿ ಹೇಳಬೇಕು, ಏಕೆಂದರೆ ‘ಮಣ್ಣಾಗ ಕುಂದರಸ್ತಾರ’ ಎಂಬ ದೂರು ಇರುವುದು ಇದರ ಮೇಲೆಯೇ. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದ ಕೂಸಿನ ಕೈಯ ಎಕ್ಸ್‌ರೇ ತೆಗೆದರೆ ಅವು ಒಂದೂ ಕಾಣುವುದಿಲ್ಲ, ಆಗ ಅವೆಲ್ಲ ಮೆತ್ತಗಿನ ಮೃದ್ವಸ್ಥಿ. ಮೊದಲ ವರ್ಷದಲ್ಲಿ ಎರಡು ಮೂಳೆಗಟ್ಟುತ್ತವೆ. ಉಳಿದವು ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಗಟ್ಟಿಯಾಗುತ್ತ ಹೋಗಿ, ಕೊನೆಯದು ಕಾಣಿಸಿಕೊಳ್ಳುವ ಹೊತ್ತಿಗೆ ಮಗು ನಾಲ್ಕನೆಯ ತರಗತಿ ದಾಟಿರುತ್ತದೆ. ವೈದ್ಯರು ಮಕ್ಕಳ ಬೆಳವಣಿಗೆಯ ವಯಸ್ಸನ್ನು ಅಂದಾಜು ಮಾಡುವುದು ಇದೇ ಎಕ್ಸ್‌ರೇಯಿಂದ. ಮೂರೂವರೆ ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಹಟದಿಂದಲ್ಲ, ಕೈ ಇನ್ನೂ ಅಷ್ಟೇ ಬೆಳೆದಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ ಪೆನ್ಸಿಲ್ ಹಿಡಿಯುವ ಹದ ಬರುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದೊಳಗೆ. ಮೂರು ವರ್ಷಕ್ಕೆ ಮಗು ವೃತ್ತ ನಕಲು ಮಾಡಬಲ್ಲದು, ನಾಲ್ಕಕ್ಕೆ ಕೂಡಿಸುವ ಚಿಹ್ನೆಯಂಥ ಅಡ್ಡಗೆರೆ ಉದ್ದಗೆರೆ, ನಾಲ್ಕೂವರೆ ಐದರ ಹೊತ್ತಿಗೆ ಚೌಕ, ಅದರಾಚೆಗೆ ತ್ರಿಕೋನ.

ಮಣ್ಣು ಹಿಸುಕುವಾಗ ಅಂಗೈಯ ಸ್ನಾಯುಗಳು ಗಟ್ಟಿಯಾಗುತ್ತವೆ. ಕೋಡು ಹೊಸೆಯುವಾಗ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ. ಹುಣಸೆ ಬೀಜ ಆರಿಸುವಾಗ, ದಾರಕ್ಕೆ ಹೂವು ಪೋಣಿಸುವಾಗ, ಹಳೆಯ ದಿನಪತ್ರಿಕೆಯನ್ನು ಗೆರೆಗೆ ಸರಿಯಾಗಿ ಹರಿಯುವಾಗ ನಡೆಯುವುದೂ ಇದೇ ತಾಲೀಮು. ಕನ್ನಡದ ಅಕ್ಷರಗಳು ಬಹುಪಾಲು ಗುಂಡಗಿನವು, ಬಾಗಿದವು. ರ, ಠ, ಅ ಬರೆಯಬೇಕಾದರೆ ಮಣಿಕಟ್ಟು ಸರಾಗವಾಗಿ ತಿರುಗಬೇಕು. ನನ್ನ ತರಗತಿಗೆ ಬಂದ ಮಕ್ಕಳಲ್ಲಿ ಕೈ ಪಳಗಿದವರು ಯಾರು, ಬಲವಂತದಿಂದ ಬರೆದವರು ಯಾರು ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಎರಡು ವರ್ಷ ಕಾಪಿ ಪುಸ್ತಕ ತುಂಬಿಸಿ ಬಂದ ಎಷ್ಟೋ ಮಕ್ಕಳು ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿಯುತ್ತಿದ್ದರು, ಅರ್ಧ ಪುಟಕ್ಕೆ ಕೈ ನೋವೆಂದು ಬಿಡುತ್ತಿದ್ದರು. ಎತ್ತು ಮಾಡಿ ಬೆಳೆದ ಮಕ್ಕಳಿಗೆ ಅಕ್ಷರ ತಡವಾಗಿ ಪರಿಚಯವಾದರೂ ದೀಪಾವಳಿಯ ಹೊತ್ತಿಗೆ ಅವರ ಬರವಣಿಗೆ ಹರಿಯತೊಡಗುತ್ತಿತ್ತು.

ನಮ್ಮ ಸೀಮೆಯ ಹಬ್ಬಗಳ ಸಾಲನ್ನೇ ನೋಡಿ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅವನ ಹಿಂದೆಯೇ ಜೋಕುಮಾರ. ಮುಂಗಾರು ಬಿದ್ದು ಮಣ್ಣು ಹದವಾಗುವ ಹೊತ್ತಿಗೆ ಶುರುವಾಗಿ, ಮಳೆಗಾಲ ಕಳೆಯುವವರೆಗೂ ಮಕ್ಕಳ ಕೈಗೆ ಮಣ್ಣು ಕೊಡುವ ವ್ಯವಸ್ಥೆಯನ್ನು ಹಿರಿಯರು ಹಬ್ಬದ ಹೆಸರಿನಲ್ಲಿ ಮಾಡಿಟ್ಟಿದ್ದಾರೆ. ಈಗ ಪೇಟೆಯಲ್ಲಿ ಅಚ್ಚಿನಲ್ಲಿ ತೆಗೆದು ಬಣ್ಣ ಹೊಡೆದ ಎತ್ತಿನ ಜೋಡಿ ಮಾರಾಟಕ್ಕೆ ಬರುತ್ತವೆ. ಪೂಜೆಗೆ ಅವು ಸಾಕಾಗಬಹುದು. ಆದರೆ ಕೊಂಡು ತಂದ ಎತ್ತಿನಿಂದ ಮಗುವಿನ ಕೈಗೆ ಏನೂ ಸಿಗುವುದಿಲ್ಲ. ಮನೆಯಲ್ಲಿ ಎತ್ತು ಮಾಡುವುದು ನಿಂತ ಊರುಗಳಲ್ಲಿ ಆ ಕೆಲಸವನ್ನು ಅಂಗನವಾಡಿಯಾದರೂ ಉಳಿಸಿಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆ ದಿನ ಒಬ್ಬ ಹುಡುಗ ಎತ್ತು ಮಾಡಲಿಲ್ಲ. ಮಣ್ಣಿನ ಉಂಡೆಯನ್ನು ನೆಲದ ಮೇಲಿಟ್ಟು ಎರಡೂ ಅಂಗೈಯಿಂದ ಬಡಿದು, ತಿರುಗಿಸಿ, ಮತ್ತೆ ಬಡಿದು ಹಪ್ಪಳದಷ್ಟು ತೆಳ್ಳಗೆ ಮಾಡಿದ. ಟೀಚರ್ ಏನೆಂದು ಕೇಳಿದರೆ “ಬಾಟಿ” ಎಂದ. ತಾಂಡಾದ ಮಗು; ಅವರ ಮನೆಯಲ್ಲಿ ರೊಟ್ಟಿಗೆ ಬಾಟಿ ಎನ್ನುತ್ತಾರೆ. ಟೀಚರ್ ಎಲ್ಲ ಮಕ್ಕಳನ್ನೂ ಕರೆದು, “ನೋಡ್ರಿ, ಇವನು ಬಾಟಿ ಮಾಡ್ಯಾನ, ನಾವು ರೊಟ್ಟಿ ಅಂತೀವಿ” ಎಂದರು. ಐದು ನಿಮಿಷದಲ್ಲಿ ಅರ್ಧ ಅಂಗನವಾಡಿ ಬಾಟಿ ಬಡಿಯತೊಡಗಿತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮ ತಾಲ್ಲೂಕು, ಈ ಐದರಲ್ಲೂ ಲಂಬಾಣಿ ತಾಂಡಾಗಳಿವೆ. ಅಲ್ಲಿಂದ ಬರುವ ಮಕ್ಕಳಿಗೆ ಮನೆಯ ಮಾತು ಗೋರಬೋಲಿ, ಕನ್ನಡ ಎರಡನೆಯದು. ಆ ಮಕ್ಕಳಿಗೆ ಮೊದಲ ದಿನವೇ ಇಂಗ್ಲಿಷ್ ಅಕ್ಷರ ತೋರಿಸಿದರೆ ಅದು ಮೂರನೆಯದಾಗುತ್ತದೆ. ಮೊದಲಿನ ಎರಡೇ ಗಟ್ಟಿಯಾಗದೆ ಮೂರನೆಯದು ಯಾವುದರ ಮೇಲೆ ನಿಲ್ಲಬೇಕು? 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಬೇಕೆಂದು ಹೇಳುತ್ತದೆ. ಕೆಲವು ತಾಂಡಾಗಳ ಕುಟುಂಬಗಳು ಸುಗ್ಗಿಯ ನಂತರ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಮರಳಿ ಬಂದ ಮಗುವನ್ನು ಮತ್ತೆ ಒಳಕ್ಕೆ ಕರೆದುಕೊಳ್ಳಲು ಅಕ್ಷರಮಾಲೆಯಿಂದ ಆಗುವುದಿಲ್ಲ. ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮಣ್ಣಿಗೂ ಕಥೆಗೂ ಮಗು ಸೇರಿಕೊಳ್ಳಬಲ್ಲದು.

ಕೈ ತೊಳೆದ ಮೇಲೆ ಕಥೆ. ಕಾಗಕ್ಕ ಗುಬ್ಬಕ್ಕನ ಕಥೆ, ಎಲ್ಲರಿಗೂ ಗೊತ್ತಿರುವುದೇ. ಮಳೆಗೆ ಕಾಗಕ್ಕನ ಮನೆ ಕೊಚ್ಚಿ ಹೋಗುತ್ತದೆ, ಅವಳು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ, ಗುಬ್ಬಕ್ಕ ಒಳಗಿನಿಂದ ಒಂದೊಂದು ನೆಪ ಹೇಳುತ್ತಾಳೆ. ಟೀಚರ್ ನೆಪದ ಜಾಗ ಬಂದಾಗಲೆಲ್ಲ ನಿಲ್ಲಿಸಿ ಮಕ್ಕಳ ಮುಖ ನೋಡಿದರು. “ರೊಟ್ಟಿ ಬಡಿಯಾಕ ಹತ್ತೀನಿ!” ಒಬ್ಬಳು ಕೂಗಿದಳು. “ಎಮ್ಮಿ ಹಿಂಡಾಕ ಹತ್ತೀನಿ!” “ಶೇಂಗಾ ಬಿಡಸಾಕ ಹತ್ತೀನಿ!” “ಮೊಬೈಲ್ ಚಾರ್ಜಿಗೆ ಹಾಕಾಕ ಹತ್ತೀನಿ!” ಪ್ರತಿ ನೆಪವೂ ಒಂದು ಮನೆಯ ಒಳಗನ್ನು ತೆರೆದು ತೋರಿಸುತ್ತಿತ್ತು. ಒಬ್ಬಳು ಮಾತ್ರ ಮುಖ ಸಣ್ಣ ಮಾಡಿಕೊಂಡು, “ಗುಬ್ಬಕ್ಕ ಯಾಕ ಬಾಗ್ಲಾ ತಗೀವಲ್ಲಳು?” ಎಂದಳು. ಕಥೆ ಅಲ್ಲಿ ನಿಂತಿತು. ನಿಮ್ಮ ಮನೆಗೆ ಮಳೆಯಲ್ಲಿ ನೆನೆದು ಯಾರಾದರೂ ಬಂದರೆ ನೀವು ಏನು ಮಾಡುತ್ತೀರಿ ಎಂಬ ಮಾತಿಗೆ ಹತ್ತು ನಿಮಿಷ ಹೋಯಿತು.

ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆಯನ್ನು ಚಿಕ್ಕ ಮಕ್ಕಳು ಇಷ್ಟಪಡುವುದಕ್ಕೆ ಕಾರಣವಿದೆ. ಮುಂದೆ ಏನು ಬರುತ್ತದೆ ಎಂದು ಮಗು ಊಹಿಸುತ್ತದೆ, ಊಹೆ ನಿಜವಾದಾಗ ಹಿಗ್ಗುತ್ತದೆ. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬ ಸರಣಿ ಮನಸ್ಸಿನಲ್ಲಿ ನಿಲ್ಲುತ್ತದೆ. ಓದುವುದೆಂದರೆ ಕೊನೆಗೆ ಇದೇ ತಾನೆ: ಅಕ್ಷರ ಕೂಡಿಸುತ್ತ ಹೋಗುವಾಗಲೇ ಮುಂದಿನದನ್ನು ಊಹಿಸುವುದು, ಹಿಂದಿನದನ್ನು ನೆನಪಿಡುವುದು. ಇಂಗ್ಲಿಷಿನ 26 ಅಕ್ಷರಗಳನ್ನು ಒಂದೇ ಉಸಿರಿಗೆ ಒಪ್ಪಿಸಿ, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದೆ ಎಂದು ಕೇಳಿದರೆ ಎರಡು ವಾಕ್ಯ ಜೋಡಿಸಲಾಗದ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಓದು ಕಲಿಸುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಪ್ರಥಮ್ ಸಂಸ್ಥೆ 2019ರಲ್ಲಿ 24 ರಾಜ್ಯಗಳ 26 ಜಿಲ್ಲೆಗಳಲ್ಲಿ ನಾಲ್ಕರಿಂದ ಎಂಟು ವರ್ಷದ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿತು. ಆ ವರದಿಯೂ ಇದನ್ನೇ ಎತ್ತಿ ಹೇಳಿತು: ವಿಂಗಡಿಸುವುದು, ಮಾದರಿ ಗುರುತಿಸುವುದು, ಕಥೆ ಕೇಳಿ ಅರ್ಥ ಮಾಡಿಕೊಳ್ಳುವುದು, ಇಂಥ ಆಟದ ಚಟುವಟಿಕೆಗಳಿಗೆ ಒತ್ತು ಕೊಟ್ಟರೆ ಮುಂದೆ ಓದು, ಗಣಿತ ಎರಡಕ್ಕೂ ಬುನಾದಿಯಾಗುತ್ತದೆ.

ಊಟಕ್ಕೆ ಮೊದಲು ಅಂಗಳದಲ್ಲಿ ‘ಕೆರೆ ದಡ’ ಆಡಿದರು. ನೆಲದ ಮೇಲೆ ಒಂದು ದೊಡ್ಡ ಸುತ್ತು. ಒಳಗೆ ಕೆರೆ, ಹೊರಗೆ ದಡ. ಕೆರೆ ಎಂದರೆ ಒಳಕ್ಕೆ ಹಾರಬೇಕು, ದಡ ಎಂದರೆ ಹೊರಕ್ಕೆ. ಟೀಚರ್ “ದಡ, ಕೆರೆ, ದಡ, ದಡ” ಎಂದಾಗ ಅರ್ಧ ಜನ ತಪ್ಪಿ ಒಳಕ್ಕೆ ಹಾರಿ ಬಿದ್ದು ನಕ್ಕರು. ಹಾರುವ ಆಸೆ ಕಾಲಿಗೆ ಬಂದಿದ್ದರೂ ಅದನ್ನು ತಡೆದು, ಕಿವಿಗೆ ಬಿದ್ದದ್ದನ್ನು ಕೇಳಿ ಆಮೇಲೆ ಹಾರುವುದು ಮೂರು ನಾಲ್ಕು ವರ್ಷದ ಮಗುವಿಗೆ ದೊಡ್ಡ ಸಾಹಸ. ಶಾಲೆಯಲ್ಲಿ ಕೂತು ಕೇಳುವ ತಾಳ್ಮೆ ಎಂದು ನಾವು ಕರೆಯುವುದು ಹುಟ್ಟುವುದು ಈ ತಡೆಯಿಂದಲೇ. ಬಾಯಿಗೆ ಬೆರಳಿಟ್ಟು ಸುಮ್ಮನೆ ಕೂರಿಸಿದರೆ ಅದು ಹುಟ್ಟುವುದಿಲ್ಲ. ಆಟ ಮುಗಿದ ಮೇಲೆ ಒಬ್ಬರ ಅಂಗಿ ಒಬ್ಬರು ಹಿಡಿದು ಹೊಸಪೇಟೆ ರೈಲು ಮಾಡಿಕೊಂಡು ಊಟಕ್ಕೆ ಹೋದರು.

ಇದೆಲ್ಲ ಇಂದು ನಿನ್ನೆ ಯಾರೋ ಹೊರಗಿನಿಂದ ತಂದ ಫ್ಯಾಷನ್ನು ಎಂದು ತಿಳಿಯಬೇಕಿಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಆರಂಭಿಸಿದರು. ಕಥೆ, ಆಟ, ನಾಟಕಗಳಿಂದಲೇ ತರಗತಿ ಕಟ್ಟುವ ಒಬ್ಬ ಮೇಷ್ಟ್ರ ಕಲ್ಪಿತ ಅನುಭವವನ್ನು ‘ದಿವಾಸ್ವಪ್ನ’ವೆಂಬ ಪುಸ್ತಕವಾಗಿ ಬರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬೈಗೆ ಉತ್ತರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಬಡವರ, ದಲಿತರ ಮಕ್ಕಳು ಬಾಲವಾಡಿಗೆ ಬರದೆ ಹೋದಾಗ ಅವರು ಬಾಲವಾಡಿಯನ್ನೇ ಆ ಮಕ್ಕಳ ಅಂಗಳಕ್ಕೆ ಕೊಂಡೊಯ್ದರು. ಅನುತಾಯಿ ವಾಘ್ ಅವರ ಜೊತೆಗಿದ್ದರು. ಮಾಂಟೆಸ್ಸರಿಯ ದುಬಾರಿ ಸಾಮಗ್ರಿಗಳು ಅಲ್ಲಿ ಎಲ್ಲಿಂದ ಬರಬೇಕು? ಎಲೆ, ಬೀಜ, ಕಲ್ಲು, ಚಿಪ್ಪುಗಳಿಂದ ಎಣಿಸಿದರು, ವಿಂಗಡಿಸಿದರು, ಅಲಂಕರಿಸಿದರು. ನಮ್ಮ ಬೆಂಗಳೂರಿನಲ್ಲೂ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಕಟ್ಟಿ ಹಾಡು, ಆಟ, ನಾಟಕಗಳಿಗೆ ಜಾಗ ಮಾಡಿದ್ದರು. ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಹೋದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಮೊದಲ ದಿನದಿಂದಲೇ ಅದರ ಸೇವೆಗಳ ಪಟ್ಟಿಯಲ್ಲಿತ್ತು. ಜನ ಮಾತ್ರ ಅಂಗನವಾಡಿಯನ್ನು ‘ಉಪ್ಪಿಟ್ಟಿನ ಸಾಲಿ’ ಎಂದೇ ಕರೆದರು.

ಹಾಗೆ ಕರೆಯಲು ಜನರಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಮಣ್ಣು, ಕಥೆ, ಆಟದ ಈ ಹೊತ್ತು ಎಲ್ಲ ಅಂಗನವಾಡಿಗಳಲ್ಲೂ ಪ್ರತಿದಿನ ನಡೆಯುವುದಿಲ್ಲ. ನಡೆಯದಿರುವುದಕ್ಕೆ ಟೀಚರ್ ಸೋಮಾರಿತನವೇ ಕಾರಣವೆಂದು ದೂರುವುದು ಸುಲಭ. ಅವರ ಪಕ್ಕದಲ್ಲಿ ಒಂದು ಬೆಳಿಗ್ಗೆ ಕೂತವರು ಹಾಗೆ ದೂರಲಾರರು. ಹಾಜರಿ, ತೂಕ, ಎತ್ತರ, ಊಟದ ಲೆಕ್ಕ ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿಗೆ ತುಂಬಬೇಕು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಕೊಡುವ ರೇಷನ್ನಿಗೆ ಈಗ ಮುಖ ಗುರುತಿಸುವ ಫೋಟೊ ಬೇರೆ. ನೆಟ್‌ವರ್ಕ್ ಸಿಗದಿದ್ದರೆ ಫೋನ್ ಹಿಡಿದು ಅಂಗಳಕ್ಕೆ ಹೋಗಬೇಕು. ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸವೂ ಇವರದೇ. ಇಷ್ಟಕ್ಕೂ ಇವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಗ್ರಾಚ್ಯುಟಿಗೆ ಇವರು ಅರ್ಹರು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟ್ ಬರಬೇಕಾಯಿತು. ಆ ದಿನ ಆ ಟೀಚರ್ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಮಣ್ಣಿನ ಮುಂದೆ ಕೂತರು. ಆ್ಯಪಿನ ಕೆಲಸವನ್ನು ಮಕ್ಕಳು ಮಲಗಿದ ಮೇಲೆ ಮಾಡಿದರು. ಎಲ್ಲರಿಗೂ ಹಾಗೆ ಮಾಡುವ ಧೈರ್ಯ ಇರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಬೆಳಗಿನ ಆ ಎರಡು ಮೂರು ಗಂಟೆ ಫೋನಿನ ಕೆಲಸವೇ ಇರಬಾರದು, ಮೇಲಿನಿಂದ ಕರೆಯೂ ಬರಬಾರದು ಎಂದು ಇಲಾಖೆಯೇ ಒಂದು ಆದೇಶ ಹೊರಡಿಸಬೇಕು.

ಇನ್ನು ಎಲ್‌ಕೆಜಿಯ ವಿಚಾರ. 2024ರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವಾದಾಗ, ತಮ್ಮ ಮಕ್ಕಳೇ ಖಾಲಿಯಾಗುತ್ತಾರೆಂದು ಅಂಗನವಾಡಿಯವರು ಬೀದಿಗಿಳಿದರು. ಅದೇ ವರ್ಷ ಬೆಂಗಳೂರಿನಲ್ಲಿ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿಗಳಾಗಿ ಮೇಲ್ದರ್ಜೆಗೇರಿಸಲಾಯಿತು. ಫಲಕದ ಮೇಲೆ ಯಾವ ಹೆಸರಿದ್ದರೂ ನನ್ನ ತಕರಾರಿಲ್ಲ. ಎಲ್‌ಕೆಜಿ ಎಂದ ಕೂಡಲೇ ಮಣ್ಣಿನ ಪುಟ್ಟಿ ಹೊರಗೆ ಹೋಗಿ ಕಾಪಿ ಪುಸ್ತಕ ಒಳಗೆ ಬರುತ್ತದಲ್ಲ, ಅದಕ್ಕೆ ನನ್ನ ತಕರಾರು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಹಂತವೆಂದು ಎಣಿಸಿರುವುದು, ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಆರು ವರ್ಷದೊಳಗೆ ಆಗುತ್ತದೆಂದು ಬರೆದಿರುವುದು ಅಕ್ಷರವನ್ನು ಬೇಗ ತುರುಕಲಿ ಎಂದಲ್ಲ. ಮೊದಲ ಮೂರು ವರ್ಷ ಆಟಕ್ಕೇ ಮೀಸಲು ಎಂಬುದು ಅದರ ಒಳಗಿನ ವಿನ್ಯಾಸ.

ವಯಸ್ಸಿನ ಬಗ್ಗೆಯೂ ಗಾಬರಿ ಬೇಡ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025-26ನೇ ಸಾಲಿಗೆ ಮಾತ್ರವೆಂದು ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತ್ತು. ಹಾಗಾದರೆ ಮೂರು ತುಂಬಿದ ಮಗುವಿನ ಕೈಯಲ್ಲಿ ಇನ್ನೂ ಮೂರು ವರ್ಷ ಪೂರ್ತಿ ಇವೆ. ಫಿನ್ಲೆಂಡಿನಂಥ ದೇಶದಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದು ಏಳನೆಯ ವರ್ಷಕ್ಕೆ. ಅವರ ಓದು ಯಾರಿಗೂ ಕಡಿಮೆಯಾಗಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಅಂಗನವಾಡಿಗೋ ಕಾನ್ವೆಂಟಿಗೋ? ಎರಡಕ್ಕೂ ನೀವೇ ಹೋಗಿ ನೋಡಿ, ಆದರೆ ಕಚೇರಿಯಲ್ಲಿ ಕೂತು ಫೀಸು, ವ್ಯಾನು ವಿಚಾರಿಸಿ ಬರಬೇಡಿ. ಬೆಳಿಗ್ಗೆ ಹತ್ತೂವರೆಗೆ ಹೋಗಿ. ಗೋಡೆಯ ಮೇಲೆ ಅಂಟಿಸಿದ ಮಕ್ಕಳ ಕೆಲಸ ನೋಡಿ. ಮೂವತ್ತು ನವಿಲುಗಳೂ ಒಂದೇ ಥರ, ಒಂದೇ ಬಣ್ಣ, ಗೆರೆ ದಾಟದಂತೆ ಇದ್ದರೆ ಅವನ್ನು ಮಾಡಿದವರು ದೊಡ್ಡವರು ಎಂದು ತಿಳಿಯಿರಿ. ಒಂದೊಂದು ಒಂದೊಂದು ರೀತಿ ವಕ್ರವಾಗಿದ್ದರೆ ಒಳಗೆ ಮಕ್ಕಳು ಕೆಲಸ ಮಾಡುತ್ತಿದ್ದಾರೆ. ಮಕ್ಕಳ ಕೈ ನೋಡಿ. ಉಗುರಿನ ಸಂದಿಯಲ್ಲಿ ಒಂದಿಷ್ಟು ಮಣ್ಣೋ ಬಣ್ಣವೋ ಇರಬೇಕು. ಅಲ್ಲಿ ಹೆಚ್ಚು ಮಾತಾಡುತ್ತಿರುವವರು ಯಾರು, ಟೀಚರೋ ಮಕ್ಕಳೋ, ಕಿವಿಗೊಟ್ಟು ಕೇಳಿ. ಅಂಗಳ ಇದೆಯೇ, ಮಕ್ಕಳು ಅದರೊಳಗೆ ಇಳಿಯುತ್ತಾರೆಯೇ ನೋಡಿ. ಈ ನಾಲ್ಕೂ ಸಿಕ್ಕ ಜಾಗಕ್ಕೆ ನಿಮ್ಮ ಮಗುವನ್ನು ಬಿಡಿ. ನಮ್ಮ ಐದು ತಾಲ್ಲೂಕುಗಳಲ್ಲಿ ಅಂಥ ಜಾಗ ನಿಮ್ಮ ಓಣಿಯ ಅಂಗನವಾಡಿಯೇ ಆಗಿರುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಸಂಜೆ ಮನೆಗೆ ಬಂದ ಮಗುವನ್ನು “ಇವತ್ತು ಏನು ಬರದೀ?” ಎಂದು ಕೇಳಬೇಡಿ. “ಏನು ಮಾಡಿದೀ? ಯಾವ ಕತಿ ಕೇಳಿದೀ? ಯಾರ ಜೋಡಿ ಆಡಿದೀ?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಫೋನು ಕೆಳಗಿಡಿ.

ನಿಮ್ಮ ಊರಿನ ಅಂಗನವಾಡಿಯಲ್ಲಿ ಇವು ಇಲ್ಲದಿದ್ದರೆ ಬಿಟ್ಟು ಬರುವ ಮೊದಲು ಕೇಳಿ ಪಡೆಯುವ ದಾರಿಯೂ ಇದೆ. ಪ್ರತಿ ಅಂಗನವಾಡಿಗೂ ತಂದೆತಾಯಿಯರನ್ನು ಒಳಗೊಂಡ ಬಾಲವಿಕಾಸ ಸಮಿತಿ ಇರುತ್ತದೆ. ಅದರ ಸಭೆಯಲ್ಲಿ ಪಾಯಖಾನೆ, ನೀರು, ಮೊಟ್ಟೆಯ ಮಾತು ಬರುತ್ತದೆ, ಬರಲೇಬೇಕು. ಜೊತೆಗೆ ಒಂದು ಸಲ ಮಣ್ಣಿನ ಮಾತನ್ನೂ ಎತ್ತಿ. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಕೆಲಸದಲ್ಲಿ ಕೆರೆಯ ಹೂಳು ತೆಗೆಯುತ್ತಾರೆ, ಟ್ರ್ಯಾಕ್ಟರಿಗಟ್ಟಲೆ ಹೊಲಗಳಿಗೆ ಹೋಗುತ್ತದೆ. ಅದರಲ್ಲಿ ನಾಲ್ಕು ಪುಟ್ಟಿ ಜಿಗಟು ಮಣ್ಣನ್ನು ಅಂಗನವಾಡಿಯ ಹಿತ್ತಲಲ್ಲಿ ಹಾಕಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದರೆ ಮಣ್ಣೆತ್ತಿನಿಂದ ಜೋಕುಮಾರನವರೆಗೂ ಬರುತ್ತದೆ. ರೈತರು ಜೋಳದ ದಂಟು ಒಂದು ಹೊರೆ ಕೊಡಲಿ, ಬಂಡಿ ಮಾಡಲು ಆಗುತ್ತದೆ. ಅಜ್ಜಿಯರು ಹುಣಸೆ ಬೀಜ ಎಸೆಯದೆ ಡಬ್ಬಿಯಲ್ಲಿ ಕೂಡಿಡಲಿ. ಕಥೆ ಬಲ್ಲ ಅಜ್ಜ, ಅಜ್ಜಿ, ತಾಂಡಾದ ಯಾಡಿ (ಅವ್ವ) ವಾರಕ್ಕೊಮ್ಮೆ ಬಂದು ತಮ್ಮ ಮಾತಿನಲ್ಲೇ ಒಂದು ಕಥೆ ಹೇಳಿ ಹೋಗಲಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ, ಮುಂದಿನ ಸಭೆಯಲ್ಲಿ ಒಬ್ಬರು ಬಾಯಿ ಬಿಟ್ಟು ಕೇಳಿದರೆ ಸಾಕು.